ಕ್ಯಾರವಾನ್ ಪ್ರವಾಸದಲ್ಲಿ ನೀಲದ ಕಲ್ಲು ಹುಡುಕುವುದು ಹೇಗೆ

ಬ್ರಿಸ್ಬೇನ್‌ನಿಂದ ಗೆಳೆಯರ ಜೊತೆ ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಯೋಚನೆ ಇದ್ದರೆ, ಈ ಸಲ ಸಮುದ್ರ ಬಿಟ್ಟು ಒಳನಾಡಿನ ಕಡೆ ಹೋಗಿ. ಸೆಂಟ್ರಲ್ ಕ್ವೀನ್ಸ್‌ಲ್ಯಾಂಡ್‌ನ ಎಮರಾಲ್ಡ್ ಅನ್ನುವ ಊರು ದಾಟಿ ಪಶ್ಚಿಮಕ್ಕೆ ಹೋದರೆ ಆನಕಿ, ಸಫೈರ್, ರೂಬಿವೇಲ್ ಅಂತ ಪುಟ್ಟ ಊರುಗಳಿವೆ. ಅಲ್ಲಿನ ಮಣ್ಣಲ್ಲಿ ನೀಲ, ಅಂದರೆ ಸಫೈರ್ ಸಿಗುತ್ತದೆ. ನಮ್ಮ ಮನೆಗಳಲ್ಲಿ ಯಾರಾದರೂ ಶನಿಗೆ ಅಂತ ಉಂಗುರದಲ್ಲಿ ಹಾಕಿಸಿಕೊಂಡಿರುತ್ತಾರಲ್ಲ, ಅದೇ ಕಲ್ಲು.

ದಾರಿ ಸುಮಾರು 900 ಕಿಲೋಮೀಟರ್. ಕ್ಯಾರವಾನ್ ಎಳೆದುಕೊಂಡು ಒಂದೇ ದಿನದಲ್ಲಿ ಹೋಗುವ ಹಟ ಬೇಡ, ದಾರಿಯಲ್ಲಿ ಸಿಗುವ ರೋಮಾ ಊರಲ್ಲಿ ಒಂದು ರಾತ್ರಿ ಉಳಿಯಿರಿ. ಕತ್ತಲಾಗುವ ಹೊತ್ತಿಗೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಅಷ್ಟರೊಳಗೆ ಗಾಡಿ ನಿಲ್ಲಿಸಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿ ಬೇಸಿಗೆ, ಆಗ ಗುದ್ದಲಿ ಹಿಡಿಯಲು ಆಗುವುದಿಲ್ಲ.

ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಫಾಸಿಕಿಂಗ್ ಲೈಸೆನ್ಸ್ ತೆಗೆದುಕೊಳ್ಳಿ. ಫಾಸಿಕಿಂಗ್ ಅಂದರೆ ಹವ್ಯಾಸಕ್ಕೆ ಅಂತ ಕಲ್ಲು ಹುಡುಕುವುದು. ಕೈ ಉಪಕರಣ ಮಾತ್ರ ಬಳಸಬಹುದು, ಯಂತ್ರ ತರುವಂತಿಲ್ಲ. 2 ಮೀಟರ್‌ಗಿಂತ ಆಳ ಅಗೆಯುವಂತಿಲ್ಲ, ಪಕ್ಕಕ್ಕೆ ಸುರಂಗ ಕೊರೆಯುವಂತಿಲ್ಲ. ಗ್ಲೆನಾಲ್ವಾ, ಗ್ರೇವ್ಸ್ ಹಿಲ್ ತರಹದ ಜಾಗಗಳನ್ನು ಸಾರ್ವಜನಿಕರಿಗೆ ಅಂತಲೇ ಬಿಟ್ಟಿದ್ದಾರೆ. ಸುತ್ತಮುತ್ತ ಗೂಟ ನೆಟ್ಟ ಜಾಗ ಕಂಡರೆ ಅದು ಬೇರೆಯವರ ಗಣಿ, ಕಾಲಿಡಬೇಡಿ. ಹಳೇ ಬಾವಿಗಳಂಥ ಗುಂಡಿಗಳೂ ಇವೆ. ಮಕ್ಕಳು ಜೊತೆಗಿದ್ದರೆ ಅವರ ಕೈ ಬಿಡಬೇಡಿ.

ಮೊದಲ ದಿನ ಅಗೆಯಲು ಹೋಗಲೇಬೇಡಿ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಊರೊಳಗಿನ ಫಾಸಿಕಿಂಗ್ ಪಾರ್ಕ್‌ಗಳಲ್ಲಿ ಬಕೆಟ್ ಲೆಕ್ಕದಲ್ಲಿ 'ವಾಶ್' ಮಾರುತ್ತಾರೆ. ವಾಶ್ ಅಂದರೆ ಹಳೇ ಹೊಳೆಗಳು ತಂದು ಹಾಸಿದ ಜಲ್ಲಿಯ ಪದರ, ಕಲ್ಲು ಇರುವುದು ಅದರಲ್ಲೇ. ಒಬ್ಬೊಬ್ಬರು ಒಂದೊಂದು ಬಕೆಟ್ ತೆಗೆದುಕೊಂಡು, ಅಲ್ಲಿಯವರ ಪಕ್ಕದಲ್ಲೇ ಕುಳಿತು ಜರಡಿ ಹಿಡಿಯುವುದನ್ನು ಕಲಿಯಿರಿ. ಎಷ್ಟೋ ಜನ ಬೆನ್ನು ಮುರಿಯುವಷ್ಟು ಅಗೆದು, ಕೊನೆಗೆ ಜರಡಿಯಲ್ಲಿ ಕಲ್ಲನ್ನು ಕಳೆದುಕೊಳ್ಳುತ್ತಾರೆ.

ಅಜ್ಜಿ ಅಕ್ಕಿ ಗಾಳಿಸುವುದನ್ನು ನೋಡಿದ್ದೀರಲ್ವಾ? ನೀರಲ್ಲಿ ಅಲುಗಿಸುತ್ತಾ ಅಕ್ಕಿಯನ್ನು ಮುಂದಿನ ಪಾತ್ರೆಗೆ ದಾಟಿಸಿದರೆ ತೂಕದ ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲೂ ಅದೇ ಲೆಕ್ಕ. ನೀಲ ನೀರಿಗಿಂತ 4 ಪಟ್ಟು ಭಾರ, ಸುತ್ತಲಿನ ಬಿಳಿಕಲ್ಲು ಎರಡೂವರೆ ಪಟ್ಟು ಚಿಲ್ಲರೆ. ದೊಡ್ಡ ಕಣ್ಣಿನ ಜರಡಿ ಮೇಲೆ, ಸಣ್ಣ ಕಣ್ಣಿನದು ಕೆಳಗೆ ಇಟ್ಟು ಮೊದಲು ಒಣ ಮಣ್ಣು ಉದುರಿಸಿ. ದೊಡ್ಡ ಜರಡಿಯಲ್ಲಿ ಉಳಿದದ್ದನ್ನೂ ಒಮ್ಮೆ ನೋಡಿಯೇ ಎಸೆಯಿರಿ, ಯಾಕಂದರೆ ಜೀವಮಾನದ ಕಲ್ಲು ಅಲ್ಲೇ ಇರಬಹುದು. ಆಮೇಲೆ ಸಣ್ಣ ಜರಡಿಯನ್ನು ನೀರಿನ ಡ್ರಮ್‌ನಲ್ಲಿ ಮುಳುಗಿಸಿ, ಅಂಟುಮಣ್ಣು ಪೂರ್ತಿ ಬಿಡುವವರೆಗೆ ತೊಳೆಯಿರಿ. ನಂತರ ಮಟ್ಟಸವಾಗಿ ಹಿಡಿದು ಮೇಲೆ ಕೆಳಗೆ ಕುಲುಕಿ, ಸ್ವಲ್ಪ ತಿರುಗಿಸಿ, ಮತ್ತೆ ಕುಲುಕಿ, ಹೀಗೆ ಹತ್ತಿಪ್ಪತ್ತು ಸಲ ಮಾಡಿದರೆ ಭಾರದ ಕಲ್ಲೆಲ್ಲ ತಳಕ್ಕಿಳಿದು ನಡುಮಧ್ಯೆ ಸೇರುತ್ತದೆ. ಈಗ ದೋಸೆ ಮಗುಚಿದ ಹಾಗೆ ಒಂದೇ ಏಟಿಗೆ ಜರಡಿಯನ್ನು ಗೋಣಿತಾಟಿನ ಮೇಲೆ ಬೋರಲು ಹಾಕಿ. ತಳದಲ್ಲಿದ್ದದ್ದು ಮೇಲೆ ಬರುತ್ತದೆ, ನಡುವೆ ಕಪ್ಪಗೆ ಒಂದು ವೃತ್ತ ಕಾಣುತ್ತದೆ. ಕಣ್ಣು ಅಲ್ಲಿಡಿ.

ಒದ್ದೆ ಇರುವಾಗಲೇ ನೋಡಬೇಕು. ನೀಲ ಒಡೆದ ಬಾಟಲಿ ಗಾಜಿನ ಹಾಗೆ ಮಿಂಚುತ್ತದೆ. ಚಿಮುಟದಲ್ಲಿ ಎತ್ತಿ ಆಕಾಶದ ಬೆಳಕಿಗೆ ಹಿಡಿಯಿರಿ. ನೀಲಿಯೇ ಇರಬೇಕೆಂದಿಲ್ಲ. ಹಸಿರು, ಹಳದಿ, ಮತ್ತೆ ಒಂದೇ ಕಲ್ಲಲ್ಲಿ ಎರಡು ಮೂರು ಬಣ್ಣ ಸೇರಿದ 'ಪಾರ್ಟಿ' ಸಫೈರ್ ಕೂಡ ಸಿಗುತ್ತದೆ, ನನಗೆ ಅದೇ ಜಾಸ್ತಿ ಇಷ್ಟ. ಬೆಳಕು ಒಂಚೂರೂ ದಾಟದ ಕರೀ ಕಲ್ಲು ಬಹುಪಾಲು ಸ್ಪಿನೆಲ್ ಅನ್ನುವ ಬೇರೆ ಖನಿಜ. ಜಿರ್ಕಾನ್ ಅನ್ನುವ ಇನ್ನೊಂದು ರತ್ನ ಸಿಕ್ಕರೆ ಇಟ್ಟುಕೊಳ್ಳಿ, ಅದೂ ಕಟ್ ಮಾಡಿಸಿದರೆ ಚೆಂದ.

ಎರಡನೇ ದಿನ ಬಯಲಿಗೆ ಹೋಗುವಾಗ ಗುದ್ದಲಿ, ಬಕೆಟ್, ಜರಡಿ ಜೊತೆ ನೀರನ್ನು ಧಾರಾಳವಾಗಿ ಒಯ್ಯಿರಿ, ಕುಡಿಯಲು ಬೇರೆ, ತೊಳೆಯಲು ಬೇರೆ. ನಾಲ್ಕು ಜನರಿದ್ದರೆ ಇಬ್ಬರು ಅಗೆಯಲಿ, ಒಬ್ಬರು ಜರಡಿ, ಒಬ್ಬರು ಗೋಣಿತಾಟಿನ ಹತ್ತಿರ. ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ, ದಣಿದ ಕಣ್ಣು ಒಳ್ಳೆ ಕಲ್ಲನ್ನು ದಾಟಿಬಿಡುತ್ತದೆ. ಸಿಕ್ಕಿದ್ದು ಯಾರದು ಅನ್ನುವುದನ್ನು ಗುದ್ದಲಿ ಎತ್ತುವ ಮುಂಚೆಯೇ ಮಾತಾಡಿಕೊಳ್ಳಿ. ದಿನದ ಕಲ್ಲೆಲ್ಲ ಒಂದೇ ಡಬ್ಬಿಗೆ ಹಾಕಿ, ಸಂಜೆ ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ.

ಮಳೆ ಬಂದು ಬಿಸಿಲು ಬಿದ್ದ ಬೆಳಿಗ್ಗೆ ಸಿಕ್ಕರೆ ಅಗೆಯುವುದು ಬಿಟ್ಟು ಸುಮ್ನೆ ನಡೆಯಿರಿ. ಸೂರ್ಯನಿಗೆ ಎದುರಾಗಿ, ನೆಲ ನೋಡುತ್ತಾ. ಇದಕ್ಕೆ ಅಲ್ಲಿಯವರು 'ಸ್ಪೆಕಿಂಗ್' ಅನ್ನುತ್ತಾರೆ. 1979ರಲ್ಲಿ 14 ವರ್ಷದ ಹುಡುಗನೊಬ್ಬನಿಗೆ 2,000 ಕ್ಯಾರೆಟ್‌ಗೂ ಜಾಸ್ತಿ ತೂಕದ ಸಫೈರ್ ಸಿಕ್ಕಿದ್ದು ಹೀಗೇ. ಅಂದರೆ 400 ಗ್ರಾಂ!

ಒಳ್ಳೆ ಕಲ್ಲು ಸಿಕ್ಕರೆ ರೂಬಿವೇಲ್‌ನಲ್ಲೇ ಕಟ್ ಮಾಡುವವರಿಗೆ ತೋರಿಸಿ. ಕಟ್ ಆದ ಮೇಲೆ ಮೂರರಲ್ಲಿ ಒಂದು ಪಾಲು ತೂಕ ಉಳಿದರೆ ಅದೇ ದೊಡ್ಡದು, ಬಿರುಕಿದ್ದರೆ ಇನ್ನೂ ಕಡಿಮೆ. ಖರ್ಚಿಗೆ ತಕ್ಕ ಕಲ್ಲೋ ಅಲ್ಲವೋ ಅಂತ ನೇರವಾಗಿ ಕೇಳಿ. ಹೊರಡುವ ದಿನ ನಿಮ್ಮ ಗುಂಡಿಯನ್ನು ನೀವೇ ಮುಚ್ಚಿ. ಮುಚ್ಚುವ ಮುಂಚೆ, ತೊಳೆದು ಎಸೆದ ಜಲ್ಲಿ ರಾಶಿಯ ಮೇಲೆ ಒಂದು ಬಕೆಟ್ ನೀರು ಸುರಿದು ಇನ್ನೊಮ್ಮೆ ನೋಡಿಬಿಡಿ.