ಸಮೀಕ್ಷೆಗೆ ಎಷ್ಟು ಜನ ಬೇಕು?

ಅಧಿಕ ರಕ್ತದೊತ್ತಡ ಶೇ. 30 ಮಂದಿಗೆ ಇರಬಹುದೆಂಬ ಅಂದಾಜಿದೆ, ಉತ್ತರ ಆಚೀಚೆ 5 ಅಂಶ ಸರಿದರೆ ಪರವಾಗಿಲ್ಲ, ವಿಶ್ವಾಸ ಮಟ್ಟ (ನೂರು ಸಲ ಸಮೀಕ್ಷೆ ಮಾಡಿದರೆ ಎಷ್ಟು ಸಲ ಉತ್ತರ ಈ ಅಂತರದೊಳಗೆ ಬೀಳಬೇಕು ಎಂಬುದು) ಶೇ. 95 ಎನ್ನೋಣ. ಶೇ. 95ಕ್ಕೆ ಸಲ್ಲುವ ಅಂಕಿ 1.96; ಅದರ ವರ್ಗವನ್ನು 0.3 ಮತ್ತು ಉಳಿದ 0.7ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿ. ಬರುವುದು 322.7, ಮೇಲಕ್ಕೇ ಏರಿಸಿ, 323.

ಹತ್ತರಲ್ಲೊಬ್ಬರು ಸಿಗುವುದಿಲ್ಲವೆಂದು ಶೇ. 10 ಕೂಡಿಸುವುದು ತೀರಾ ಸಾಮಾನ್ಯ ತಪ್ಪು: 356ರಲ್ಲಿ ಹತ್ತನೇ ಒಂದು ಪಾಲು ಹೋದರೆ ಉಳಿಯುವುದು 320. ಕೂಡಿಸಬೇಡಿ, 0.9ರಿಂದ ಭಾಗಿಸಿ: 359.

ಹಳ್ಳಿಗಳನ್ನೇ ಗುಂಪಾಗಿ ಆರಿಸಿದರೆ ಇಷ್ಟು ಸಾಲದು. ಒಂದೇ ಊರಿನವರ ಊಟ, ಉಪ್ಪು, ದುಡಿಮೆ ಹೆಚ್ಚುಕಡಿಮೆ ಒಂದೇ. ವಿನ್ಯಾಸ ಪರಿಣಾಮ (ಗುಂಪಾಗಿ ಆರಿಸಿದ್ದಕ್ಕೆ ಎಷ್ಟು ಪಟ್ಟು ಜನ ಬೇಕು ಎಂಬುದು) 2 ಇದ್ದರೆ 323ರ ಎರಡು ಪಟ್ಟು 646, 0.9ರಿಂದ ಭಾಗಿಸಿದ ಮೇಲೆ 718.

ಮಧ್ಯಾಹ್ನ ಮಾತ್ರ ಹೋದರೆ ಹೊಲಕ್ಕೆ ಹೋದವರು ತಪ್ಪಿಹೋಗುತ್ತಾರೆ. ಈ ಓರೆಯನ್ನು ಯಾವ ದೊಡ್ಡ ಸಂಖ್ಯೆಯೂ ತಿದ್ದದು. ಸಂಜೆ ಮತ್ತೆ ಹೋಗಿ ಅದೇ ಬಾಗಿಲು ತಟ್ಟಿ, ಪಕ್ಕದ ಮನೆಯದ್ದಲ್ಲ.