ಸೈಡ್ ಸ್ಕ್ಯಾನ್ ಸೋನಾರ್‌ನಲ್ಲಿ ಸಣ್ಣ ವಸ್ತು ಕಾಣಬೇಕಾದರೆ

ಸೈಡ್ ಸ್ಕ್ಯಾನ್ ಸೋನಾರ್ ಅಂದರೆ ಎರಡೂ ಬದಿಗೆ ಶಬ್ದ ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ನೀರಿನ ತಳದ ಚಿತ್ರ ತೋರಿಸುವ ಉಪಕರಣ. ಗೋವಾದ ವಾಸ್ಕೋದಲ್ಲಿ ನಮ್ಮ ಸರ್ವೆ ಬೋಟಿಗೆ ಹೊಸದಾಗಿ ಬರುವ ಹುಡುಗರು ಮೊದಲು ಕೈ ಹಾಕೋದು ಗೇನ್ (ಬಂದ ಪ್ರತಿಧ್ವನಿಯನ್ನು ಹಿಗ್ಗಿಸುವ ಸೆಟ್ಟಿಂಗ್) ಮೇಲೆ. ಅದನ್ನು ಆಮೇಲೆ ನೋಡೋಣ. ಲಂಗರಿನ ತುಂಡೋ ಏಡಿ ಬೋನೋ, ಅರ್ಧ ಮೀಟರಿನ ವಸ್ತು ಹುಡುಕುತ್ತಿದ್ದರೆ ಮೊದಲು ರೇಂಜ್ (ಪ್ರತಿ ಬದಿಗೆ ಸೋನಾರ್ ನೋಡುವ ದೂರ) ಇಳಿಸಿ.

ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಒಂದು ಪಿಂಗ್ (ಸೋನಾರ್ ಒಂದು ಸಲ ಬಿಡುವ ಶಬ್ದ) ಹೋಗಿ ವಾಪಸ್ ಬಂದ ಮೇಲೆಯೇ ಇನ್ನೊಂದು. ರೇಂಜ್ 100 ಮೀಟರ್ ಇಟ್ಟರೆ ಸೆಕೆಂಡಿಗೆ ಏಳೂವರೆ ಪಿಂಗ್ ಅಷ್ಟೇ. ಬೋಟು 4 ನಾಟ್‌ನಲ್ಲಿದ್ದರೆ ಎರಡು ಪಿಂಗ್ ನಡುವೆ 27 ಸೆಂಟಿಮೀಟರ್ ಮುಂದೆ ಹೋಗಿರುತ್ತೀರಿ. ನಮ್ಮ ವಸ್ತುವಿಗೆ ಬೀಳೋದು ಒಂದೋ ಎರಡೋ ಪಿಂಗ್. ಕಲ್ಲು ಇರಬೇಕು ಅಂದುಕೊಂಡು ಅದನ್ನು ಯಾರೂ ಗಮನಿಸೋದೇ ಇಲ್ಲ. ರೇಂಜ್ 50, ವೇಗ 3 ನಾಟ್ ಮಾಡಿ. ಅಂತರ 10 ಸೆಂಟಿಮೀಟರಿಗೆ ಇಳಿಯುತ್ತದೆ, ಐದು ಪಿಂಗ್ ಸಿಗುತ್ತವೆ. ಎಂಥ ಸಾಫ್ಟ್‌ವೇರ್ ಇದ್ದರೂ ಬೀಳದ ಪಿಂಗನ್ನು ತಂದುಕೊಡೋದಿಲ್ಲ, ಅಲ್ವಾ?

ಫಿಶ್‌ನಲ್ಲಿ (ಬೋಟಿನಿಂದ ನೀರಿಗಿಳಿಸುವ ಸೋನಾರ್ ಭಾಗ) ಎರಡು ಫ್ರೀಕ್ವೆನ್ಸಿ ಇದ್ದರೆ ಜಾಸ್ತಿ ಇರೋದನ್ನೇ ಬಳಸಿ.

ಇನ್ನು ನೆರಳು, ಅಂದರೆ ವಸ್ತು ಶಬ್ದವನ್ನು ತಡೆದಾಗ ಅದರ ಹಿಂದೆ ಚಿತ್ರದಲ್ಲಿ ಕಾಣುವ ಕಪ್ಪು ಭಾಗ. ನನ್ನ ಕಣ್ಣು ಮೊದಲು ಹೋಗೋದೇ ಅದರ ಮೇಲೆ. ಕೆಸರಿನಲ್ಲಿ ಬಿದ್ದ ವಸ್ತುವಿನ ಪ್ರತಿಧ್ವನಿ ಮಂಕಾಗಿದ್ದರೂ ಹಿಂದಿನ ಕಪ್ಪು ನೆರಳು ಸ್ಪಷ್ಟವಾಗಿರುತ್ತದೆ. ಫಿಶ್ ತಳದಿಂದ ರೇಂಜಿನ ಶೇ. 10ರಿಂದ 20ರಷ್ಟು ಎತ್ತರದಲ್ಲಿರಬೇಕು. ಸಣ್ಣ ವಸ್ತುವಿಗೆ ನಾನು 10ರ ಹತ್ತಿರವೇ ಇಡುತ್ತೇನೆ, ನೆರಳು ಉದ್ದ ಬೀಳುತ್ತದೆ. ಫಿಶ್ 5 ಮೀಟರ್ ಮೇಲಿದೆ, ನೆರಳು 4 ಮೀಟರ್ ಉದ್ದ, ನೆರಳಿನ ತುದಿ ಫಿಶ್‌ನಿಂದ 40 ಮೀಟರ್ ದೂರ ಅಂದುಕೊಳ್ಳಿ. ನಾಲ್ಕನ್ನು ಐದರಿಂದ ಗುಣಿಸಿ 40ರಿಂದ ಭಾಗಿಸಿ: ವಸ್ತುವಿನ ಎತ್ತರ ಅರ್ಧ ಮೀಟರ್.

ಜುವಾರಿ ಅಳಿವೆಯ ಆಳ ಕಡಿಮೆ ಇರುವ ಕಡೆ ಫಿಶ್ಶನ್ನು ಹಿಂದೆ ಎಳೆಯಬೇಡಿ. ಪ್ರೊಪೆಲ್ಲರಿನ ಗುಳ್ಳೆಗಳು ಚಿತ್ರ ಕೆಡಿಸುತ್ತವೆ. ಮುಂದಿನ ಬದಿಗೆ ಕಂಬ ಕಟ್ಟಿ ಇಳಿಸಿ. ಆಗ ಬೋಟಿನ ಓಲಾಟವೆಲ್ಲ ಚಿತ್ರಕ್ಕೆ ಬರುತ್ತದೆ. ಅದಕ್ಕೇ ಬೆಳಿಗ್ಗೆ, ಕಡಲ ಗಾಳಿ ಏಳುವ ಮೊದಲೇ ಕೆಲಸ ಮುಗಿಸಿ.

ಶುರು ಮಾಡುವ ಮೊದಲು ಹುಡುಕುವ ವಸ್ತುವಿನಷ್ಟೇ ದೊಡ್ಡ ಸಿಮೆಂಟ್ ಬ್ಲಾಕ್ ಒಂದಕ್ಕೆ ಹಗ್ಗ, ತೇಲು ಕಟ್ಟಿ ತಳಕ್ಕೆ ಇಳಿಸಿ. ಅದರ ಪಕ್ಕ ಹಾದುಹೋಗಿ. ಅದೇ ಕಾಣದಿದ್ದರೆ ಮುಂದೆ ಹೋಗಬೇಡಿ, ಸೆಟ್ಟಿಂಗ್ ಬದಲಿಸಿ. ಈಗ ಬೇಕಾದರೆ ಗೇನ್ ಮುಟ್ಟಿ.

ಫಿಶ್‌ನ ನೇರ ಕೆಳಗೆ ಸೋನಾರ್ ಸರಿಯಾಗಿ ಕಾಣೋದಿಲ್ಲ. ಹಾಗಾಗಿ ಬೋಟು ಓಡಿಸುವ ಪಕ್ಕದ ಲೈನ್ ಆ ಪಟ್ಟಿಯನ್ನು ಪೂರ್ತಿ ಮುಚ್ಚುವಷ್ಟು ಹತ್ತಿರ ಇರಲಿ. ಅನುಮಾನ ಬಂದ ವಸ್ತು ಸಿಕ್ಕರೆ ಅಡ್ಡ ದಿಕ್ಕಿನಿಂದ ಇನ್ನೊಮ್ಮೆ ಹೋಗಿ. ಮೀನಿನ ಗುಂಪಾಗಿದ್ದರೆ ಅಷ್ಟರಲ್ಲಿ ಜಾಗ ಬಿಟ್ಟಿರುತ್ತದೆ.