ನೆರೆ ನೀರು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ

ನೆರೆ ಇಳಿದ ದಿನವೇ ಮೋಟಾರ್ ಹಾಕಿ ಬಾವಿ ಬರಿದು ಮಾಡಬೇಡಿ. ಸುತ್ತಲ ಮಣ್ಣು ನೆನೆದು ಭಾರವಾಗಿರುತ್ತದೆ, ಒಳಗಿನ ನೀರು ಒಮ್ಮೆಲೇ ತಗ್ಗಿದರೆ ಗೋಡೆ ಕುಸಿಯಬಹುದು. ನೆಲ ಆರಿದ ಮೇಲೆ ಕೆಸರು ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ರಾಡಿಯಿದ್ದರೆ ಪೌಡರ್‌ನಲ್ಲಿರುವ, ರೋಗಾಣು ಕೊಲ್ಲುವ ಕ್ಲೋರಿನ್ ಅದರಲ್ಲೇ ಖರ್ಚಾಗಿ ರೋಗಾಣು ಉಳಿದುಬಿಡುತ್ತವೆ.

ಲೆಕ್ಕ ಹೀಗೆ: ವ್ಯಾಸ × ವ್ಯಾಸ × ನೀರಿನ ಆಳ (ಎಲ್ಲವೂ ಮೀಟರ್‌ನಲ್ಲಿ) × 785 = ಲೀಟರ್. 2 ಮೀಟರ್ ಅಗಲ, 5 ಮೀಟರ್ ನೀರು ಇದ್ದರೆ 15,700 ಲೀಟರ್. ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಪೌಡರ್ ಸಾಕು. ನೆರೆಯ ನಂತರ ಅದರ ಎರಡರಷ್ಟು, ಅಂದರೆ ಈ ಬಾವಿಗೆ ಸುಮಾರು 80 ಗ್ರಾಂ. ಪೌಡರ್ ಹೊಸದಾಗಿರಲಿ. ಬಾಯಿ ತೆರೆದಿಟ್ಟ ಹಳೆಯ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣವಷ್ಟೇ ಉಳಿದಿರುತ್ತದೆ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪೇಸ್ಟ್ ಮಾಡಿ, ಮುಕ್ಕಾಲು ಭಾಗ ನೀರು ತುಂಬಿ ಕಲಕಿ, 10 ನಿಮಿಷ ಬಿಡಿ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಬಾವಿಗೆ ಇಳಿಸಿ, ಹಗ್ಗದಿಂದ ಮೇಲೆ ಕೆಳಗೆ ಜಗ್ಗಿ ಬೆರೆಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ.

ಒಂದು ಗಂಟೆಯ ನಂತರ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕಾಣಬೇಕು, ಕಾಣದಿದ್ದರೆ ಮತ್ತೊಮ್ಮೆ ಹಾಕಿ. ಡೀಸೆಲ್, ಕೀಟನಾಶಕ ಸೇರಿದ್ದರೆ ಮಾತ್ರ ಇದರಿಂದ ಶುದ್ಧವಾಗದು, ಕುದಿಸಿದರೂ ಹೋಗದು; ಪ್ರಯೋಗಾಲಯದ ಪರೀಕ್ಷೆ ಆಗುವವರೆಗೆ ಆ ನೀರು ಕುಡಿಯಲೇಬೇಡಿ.